ಕದಿರೇಶನ ಕೈಗುಣ

ಕಿರಿಮಗ ಗೋಪಿ ಸತ್ತಾಗ ಮಾತು ಬಿಟ್ಟ ತಾಯಿ ಶಾಮಲಮ್ಮ, ಎರಡು ವರ್ಷವಾದರೂ ಹಿರಿಮಗ ಕದಿರೇಶನ ಮುಖ ನೋಡಿರಲಿಲ್ಲ. ಯಲ್ದೂರಿನ ಮಾವಿನ ತೋಟದಲ್ಲಿ ಗೋಪಿಗೆ ಗುಂಡು ಹೊಡೆದವನು ತೋಟದ ಯಜಮಾನ ಚಂದ್ರಮೋಹನ್. ಕುಡಿದ ಮತ್ತಿನಲ್ಲಿ ಹೊಡೆದು, "ಬಂದೂಕು ತಾನಾಗೇ ಹಾರ್ಬಿಡ್ತು ಸಾರ್, ಕದಿರೇಶನ ರಿಪೇರಿ ಸರಿಯಿಲ್ಲ" ಎಂದು ಕೈ ತೊಳೆದುಕೊಂಡ. ಕೇಸು ಆಕಸ್ಮಿಕವೆಂದು ಮುಗಿಯಿತು. ಕೋಲಾರದ ತಾಜ್ ಪಾಷಾರ ಬಂದೂಕು ಅಂಗಡಿಯಲ್ಲಿ ಇಪ್ಪತ್ತು ವರ್ಷ ಅರ ಹಿಡಿದ ಕದಿರೇಶನ ಕೈಗೆ ತಮ್ಮನ ರಕ್ತ ಅಂಟಿತು.

ಮೂರೂ ಬಿಟ್ಟವನು ಊರಿಗೆ ದೊಡ್ಡವನು. ಅದೇ ರೈಫಲ್ಲನ್ನು ಕೋರ್ಟಿನಿಂದ ಬಿಡಿಸಿಕೊಂಡು ಚಂದ್ರಮೋಹನ್ ಅದೇ ಅಂಗಡಿಗೆ ತಂದ. ಪಾಯಿಂಟ್ ಟೂಟೂ ಎಂಬ ಸಣ್ಣ ಗುಂಡಿನ ರೈಫಲ್ ಅದು, ಒಂದು ಗುಂಡು ಹಾರಿದೊಡನೆ ಖಾಲಿ ಕಾಡತೂಸನ್ನು ತಾನೇ ಹೊರಗೆಸೆದು ಮುಂದಿನದನ್ನು ಏರಿಸಿಕೊಳ್ಳಬೇಕು. ಈಗ ಎಸೆಯುತ್ತಿರಲಿಲ್ಲ, ನಳಿಗೆಯ ಬುಡದಲ್ಲೇ ಕಚ್ಚಿಕೊಳ್ಳುತ್ತಿತ್ತು. ಕದಿರೇಶ ಬಿಚ್ಚಿ ನೋಡಿದ. ಒಳಗೆಲ್ಲ ಮಸಿ ಗಟ್ಟಿಕಟ್ಟಿತ್ತು, ಕಾಡತೂಸಿನ ಅಂಚು ಹಿಡಿದೆಳೆಯುವ ಕೊಕ್ಕೆ ಸವೆದಿತ್ತು. ಉಪಾಯ ಹೊಳೆದದ್ದು ಆಗಲೇ. ಸಿಕ್ಕಿಕೊಂಡ ಬಂದೂಕನ್ನು ಕೆದಕಲು ಹೋಗಿ ಚಂದ್ರಮೋಹನ್ ಸತ್ತರೆ ಯಾರನ್ನು ಕೇಳುತ್ತಾರೆ? ಅದು ತಾನಾಗಿ ಹಾರುವ ಬಂದೂಕೆಂದು ಇವನೇ ಬರೆದುಕೊಟ್ಟಿದ್ದಾನಲ್ಲ!

ಶುಕ್ರವಾರ ಉಸ್ತಾದ್ ತಾಜ್ ಪಾಷಾ ನಮಾಜಿಗೆ ಹೋದಾಗ ಮಸಿ ತೆಗೆದು, ಉಕ್ಕಿನ ಚೂರನ್ನು ಉಜ್ಜಿ ಹೊಸ ಕೊಕ್ಕೆ ಮಾಡಿ ಕೂಡಿಸಿದ. ಮೊದಲ ಗುಂಡು ತಪ್ಪಿದರೆ ಎರಡನೆಯದು ಬೇಕೇ ಬೇಕು. ಶನಿವಾರ ಉಸ್ತಾದರ ಎದುರಿಗೇ ಗಟ್ಟಿಯಾಗಿ ಹೇಳಿ ಕೊಟ್ಟ: "ಕೊಕ್ಕೆ ಬೆಂಗ್ಳೂರಿಂದ ಬರ್ಬೇಕಣ್ಣಾ. ನಾನೇನೂ ಮಾಡಿಲ್ಲ, ಹಂಗೇ ತಗೊಂಡೋಗಿ. ಹೊಡೆಯೋಕೆ ಹೋಗ್ಬೇಡಿ."

ಭಾನುವಾರ ಮಧ್ಯಾಹ್ನ, ಕೂಲಿಯವರು ಊಟಕ್ಕೆ ಹೋದ ಹೊತ್ತಿಗೆ ಕದಿರೇಶ ಕೈಗವಸು ತೊಟ್ಟು ತೋಟದ ಬೇಲಿ ಸಂದಿಯಲ್ಲಿ ನುಗ್ಗಿದ. ಕೋತಿ ಓಡಿಸುವ ಗುಂಡಿನ ಸದ್ದು ಅಲ್ಲಿ ದಿನದ್ದು. ಒಂದು ಗುಂಡಿಗೆ ಯಾರೂ ತಲೆ ಎತ್ತುವುದಿಲ್ಲ. ಪಂಪ್‌ಹೌಸಿನ ಜಗಲಿಯಲ್ಲಿ ಚಂದ್ರಮೋಹನ್ ಒಬ್ಬನೇ ಕೂತಿದ್ದ.

"ಏನ್ಲಾ, ಸಾಮಾನು ಬಂತಾ?" ಎಂದು ತಾನೇ ರೈಫಲ್ ತಂದು ಕೊಟ್ಟ.

ಗೋಪಿಯ ಹೆಸರು ಹೇಳಿಯೇ ಹೊಡೆಯಬೇಕೆಂದುಕೊಂಡಿದ್ದ ಕದಿರೇಶ ಹೆಸರು ಹೇಳುವ ಮೊದಲೇ ಗುಂಡು ಹಾರಿಸಿದ. ಒಂದೇ ಗುಂಡು ಸಾಕಾಯಿತು. ಕೈಗವಸು ತೆಗೆಯದೆ ಹೆಣದ ಕೈಗೆ ರೈಫಲ್ ಹಿಡಿಸಿದ, ಪಕ್ಕದಲ್ಲಿ ಎಣ್ಣೆ ಬಟ್ಟೆ, ಒರೆಸುವ ಸರಳು ಇಟ್ಟ. ಹುಲ್ಲಿಗೆ ಹಾರಿದ್ದ ಖಾಲಿ ಕಾಡತೂಸನ್ನು ಹುಡುಕಿ ತಂದು, ನಳಿಗೆಯ ಬುಡದಲ್ಲಿ ಕಚ್ಚಿಕೊಂಡಂತೆ ಸಿಕ್ಕಿಸಿದ. ಯಾವುದನ್ನೂ ಮರೆಯಲಿಲ್ಲ ಎಂದುಕೊಂಡ.

ಸುದ್ದಿ ಸಂಜೆಗೇ ಮನೆ ಮುಟ್ಟಿತ್ತು. ಶಾಮಲಮ್ಮ ತಟ್ಟೆ ತಂದು ಮುಂದಿಟ್ಟಳು. "ಆ ಬಂದೂಕೇ ಕೆಟ್ಟದ್ದು ಕಣಪ್ಪಾ. ನಿನ್ನ ಸುಮ್ನೆ ಅಂದೆ. ಊಟ ಮಾಡು," ಎಂದಳು. ಎರಡು ವರ್ಷದ ಮೇಲೆ ಕದಿರೇಶ ತಾಯಿಯೆದುರು ಕೂತು ಅಳುತ್ತಾ ಮುದ್ದೆ ನುಂಗಿದ.

ನಾಲ್ಕನೆಯ ದಿನ ಠಾಣೆಯಿಂದ ಕರೆ ಬಂತು. "ರಿಪೇರಿ ಮಾಡ್ದೇನೇ ವಾಪಸ್ ಕೊಟ್ಟೆ ಅಂತ ನಿಮ್ ಉಸ್ತಾದ್ರೂ ಅಂದ್ರು. ಅದು ಹೆಂಗೆ ಸಿಕ್ಕಾಕ್ಕೊಳ್ಳುತ್ತೆ, ಒಂದ್ಸಲ ನೋಡಿ ಬರ್ಕೊಟ್ರೆ ಫೈಲ್ ಮುಗೀತು," ಎಂದ ಸಬ್‌ಇನ್ಸ್‌ಪೆಕ್ಟರ್ ಶಿವಶಂಕರ್, ಅದೇ ರೈಫಲ್ಲನ್ನು ಠಾಣೆಯ ಹಿತ್ತಲಿನ ಮರಳು ಮೂಟೆಗೆ ಗುರಿಯಿಟ್ಟು. ಮೊದಲ ಕಾಡತೂಸು ಠಣ್ಣೆಂದು ಕಲ್ಲಿನ ಮೇಲೆ ಬಿತ್ತು. ಎರಡನೆಯದೂ ಬಿತ್ತು. ಸವೆದ ಹಳೆಯ ಕೊಕ್ಕೆ ಅಂಗಡಿಯ ಡಬ್ಬಿಯಲ್ಲೇ ಇದ್ದದ್ದು ಕದಿರೇಶನಿಗೆ ಆಗ ನೆನಪಾಯಿತು. ಅದನ್ನು ತಿರುಗಿ ಹಾಕಬೇಕೆಂದು ಅವನಿಗೆ ಹೊಳೆದೇ ಇರಲಿಲ್ಲ. ಸರಿಹೋದದ್ದನ್ನು ಮತ್ತೆ ಕೆಡಿಸುವುದು ಇಪ್ಪತ್ತು ವರ್ಷದಲ್ಲಿ ಆ ಕೈ ಕಲಿತ ಕೆಲಸವಲ್ಲ. ಹತ್ತಕ್ಕೆ ಹತ್ತೂ ಸಲೀಸಾಗಿ ಹೊರಬಿದ್ದ ಮೇಲೆ ಶಿವಶಂಕರ್ ರೈಫಲ್ ಇಳಿಸಿ ಅವನ ಕಡೆ ತಿರುಗಿದ. "ರಿಪೇರಿ ಬಲು ಚೆನ್ನಾಗಿದೆ ಕದಿರೇಶ. ಯಾವಾಗ ಮಾಡ್ದೆ?"