ಕ್ಲಿನಿಕ್‌ನಲ್ಲಿ ಸಿಕ್ಕಿಬಿದ್ದ ಗಂಡ

ಗಂಡನಿಗೆ ಇನ್ನೊಬ್ಬಳಿದ್ದಾಳೆ ಎಂದು ಮರಿಸೆಲಾಗೆ ಖಾತ್ರಿಯಾಗಿತ್ತು. ಇಲ್ಲದಿದ್ದರೆ ಸೈನ್ಯದ ತೋಪು ದಳದ ಸಾರ್ಜೆಂಟ್ ಕರ್ಟಿಸ್ ಟಾಲಿವರನ ಟ್ರಕ್ಕು, ಕೆಲಸದ ಹೊತ್ತಿನಲ್ಲಿ, ಎಲ್ ಪಾಸೋ ನಗರದ ಈ ಮೂಲೆಯ ಬ್ಯೂಟಿ ಪಾರ್ಲರ್ ಮುಂದೆ ಯಾಕೆ ನಿಂತಿರುತ್ತದೆ?

ಡೆಲಿವರಿಗೆ ಹೊರಟಿದ್ದ ಕೇಕನ್ನು ಕಾರಿನಲ್ಲೇ ಬಿಟ್ಟು, ಬೇಕರಿಯ ಏಪ್ರನ್ನಿನಲ್ಲೇ ಇಳಿದಳು. ಪಾರ್ಲರಿನಲ್ಲಿ ಅವನಿರಲಿಲ್ಲ. ಪಕ್ಕದ ಕ್ಲಿನಿಕ್ಕಿನ ಗಾಜಿನ ಬಾಗಿಲಿನ ಹಿಂದೆ ಇದ್ದ.

ನುಗ್ಗಿದಳು. ಅಲ್ಲಿ ಹೆಣ್ಣಿನ ಸುಳಿವೇ ಇಲ್ಲ. ಸಾಲು ಕುರ್ಚಿಗಳ ತುಂಬ ನೆಲ ನೋಡುತ್ತ ಕೂತ ಗಂಡಸರು.

"ಎಲ್ಲಿ ಅವಳು?"

"ಯಾರು?" ಕರ್ಟಿಸ್ ಬೆಚ್ಚಿ ಎದ್ದ.

"ನಿನ್ನವಳು!"

ಒಬ್ಬ ಮುದುಕ ಕೆಮ್ಮಿದ. "ಅಂಥವಳನ್ನ ಇಟ್ಕೊಳ್ಳೋ ತಾಕತ್ತಿದ್ದಿದ್ರೆ ನಾವ್ಯಾಕಮ್ಮ ಇಲ್ಲಿ ಬಂದು ಸೂಜಿ ಚುಚ್ಚಿಸ್ಕೊಳ್ತಿದ್ವಿ?"

ಕರ್ಟಿಸನ ಕಿವಿ ಕೆಂಪಾಯಿತು. ಅವಳನ್ನು ಮೂಲೆಗೆ ಕರೆದೊಯ್ದ.

"ನನ್ನ ರಕ್ತದಲ್ಲಿ ಟೆಸ್ಟೋಸ್ಟೆರಾನ್, ಅದೇ ಗಂಡಸರ ಹಾರ್ಮೋನು, ಸಾಕಷ್ಟು ಇಲ್ವಂತೆ ಮರಿ. ಈ ವಯಸ್ಸಿಗೇ ಮುದುಕರ ಲೆಕ್ಕ."

"ಅದಕ್ಕೇನಾ ನೀನು ಮಂಚದ ಆ ತುದಿಗೆ ಹೋಗಿ ಮಲಗ್ತಿದ್ದದ್ದು?"

"ಆಸೆಯೇ ಸತ್ತೋಗಿದೆ ಅಂತ ನಿನಗೆ ಯಾವ ಬಾಯಲ್ಲಿ ಹೇಳ್ಲಿ?"

ಸಿಟ್ಟೋ ಸಮಾಧಾನವೋ, ಅವಳಿಗೇ ತಿಳಿಯಲಿಲ್ಲ. "ಸೈನ್ಯದ ಆಸ್ಪತ್ರೆ ಇರೋವಾಗ ಇಲ್ಲಿಗ್ಯಾಕೆ ಬಂದೆ?"

"ಅಲ್ಲಿ ಗೊತ್ತಾದ್ರೆ ದಳದ ಜೊತೆ ನನ್ನ ಪೋಲೆಂಡಿಗೆ ಕಳಿಸಲ್ಲ. ನಾನೇ ತಯಾರು ಮಾಡಿದ ಹುಡುಗರು ನನ್ನ ಬಿಟ್ಟು ಹೋಗ್ತಾರೆ."

ಅಷ್ಟರಲ್ಲಿ ನರ್ಸ್ ಒಬ್ಬ ಬಾಗಿಲಿಗೆ ಬಂದ. "ಟಾಲಿವರ್ ಅವರೇ, ಮೊದಲ ಇಂಜೆಕ್ಷನ್ ಅಲ್ವಾ? ಒಂದು ಮಾತು ಕೇಳೋದಿತ್ತು. ಮುಂದೆ ಮಕ್ಕಳು ಬೇಕಾ? ಇದು ಶುರು ಮಾಡಿದ್ರೆ ವೀರ್ಯಾಣು ಹುಟ್ಟೋದೇ ನಿಂತೋಗಬಹುದು. ಆಮೇಲೆ ಬಿಟ್ರೂ ಮೊದಲಿನ ಹಾಗೆ ಆಗುತ್ತೆ ಅಂತ ಹೇಳೋಕಾಗಲ್ಲ."

ಮರಿಸೆಲಾ ಗಂಡನ ತೋಳು ಹಿಡಿದಳು. ಮಗುವಿಗಾಗಿ ಅವಳು ಮದುವೆಯಾದಾಗಿನಿಂದ ಕಾಯುತ್ತಿದ್ದಳು. ಕರ್ಟಿಸ್ ನರ್ಸ್ ಕಡೆ ತಿರುಗಿದ.

"ಏನಂದ್ರಿ? ಯಾರೂ ನನಗೆ ಹೇಳಲೇ ಇಲ್ವಲ್ಲ!"

ನರ್ಸ್ ಇನ್ನೇನೋ ಹೇಳುತ್ತಿದ್ದ. ಕರ್ಟಿಸ್ ಕೇಳಿಸಿಕೊಳ್ಳಲಿಲ್ಲ. ಹೆಂಡತಿಯ ಕೈ ಹಿಡಿದು ಹೊರಗೆ ನಡೆದ. ಉರಿಬಿಸಿಲಲ್ಲಿ ಇಬ್ಬರೂ ಟ್ರಕ್ಕಿಗೆ ಒರಗಿ ನಿಂತರು.

"ಪೋಲೆಂಡ್?" ಅವಳು ಕೇಳಿದಳು.

"ಹೋಗಲಿ ಬಿಡು," ಎಂದ.

ಮರುದಿನ ಸೈನ್ಯದ ಆಸ್ಪತ್ರೆಗೆ ಇಬ್ಬರೂ ಹೋದರು. ಅಲ್ಲಿ ಇನ್ನೊಂದು ಆಘಾತ ಕಾದಿತ್ತು. ವರ್ಷಗಟ್ಟಲೆ ತೋಪಿನ ಪಕ್ಕ ನಿಂತು, ಅದರ ಸ್ಫೋಟದ ಹೊಡೆತಕ್ಕೆ, ಈ ಹಾರ್ಮೋನನ್ನು ಹತೋಟಿಯಲ್ಲಿಡುವ ಮಿದುಳಿನ ಪುಟ್ಟ ಗ್ರಂಥಿಗೆ ಪೆಟ್ಟಾಗಿರಬಹುದು ಎಂದಳು ಡಾಕ್ಟರ್. "ತಪ್ಪು ನಿಮ್ಮದಲ್ಲ, ಸಾರ್ಜೆಂಟ್. ದೇಹವೇ ಆ ಹಾರ್ಮೋನನ್ನ ಮತ್ತೆ ತಯಾರಿಸಿಕೊಳ್ಳೋ ಹಾಗೆ ಮಾಡೋ ಔಷಧಿ ಇದೆ. ಮಗುವಿನ ಆಸೆ ಬಿಡಬೇಕಾಗಿಲ್ಲ. ಆದರೆ ಈ ಸಲ ನೀವು ಪೋಲೆಂಡಿಗೆ ಹೋಗೋ ಹಾಗಿಲ್ಲ."

ವಾರ ಕಳೆಯುವಷ್ಟರಲ್ಲಿ ದಳ ಹೊರಟಿತು. ಬಾವುಟ ಬೀಸುವ ಹೆಂಡತಿಯರ, ಮಕ್ಕಳ ನಡುವೆ ಕರ್ಟಿಸ್ ನಿಂತಿದ್ದ. ಬಸ್ಸುಗಳು ಮರೆಯಾಗುವವರೆಗೂ ಸೆಲ್ಯೂಟ್ ಇಳಿಸಲಿಲ್ಲ. ಗಲ್ಲದ ಮೇಲೆ ಇಳಿದದ್ದನ್ನು ಒರೆಸಿಕೊಳ್ಳಲೂ ಇಲ್ಲ.

ಆಮೇಲೆ ಆ ಕೈ ಕೆಳಗಿಳಿದು ಮೆಲ್ಲನೆ ಮರಿಸೆಲಾಳ ಸೊಂಟ ಬಳಸಿತು. ಅವಳು ಬೆಚ್ಚಿ ತಿರುಗಿದಳು. ಎಷ್ಟು ಕಾಲವಾಗಿತ್ತು!

"ಔಷಧಿ ಇಷ್ಟು ಬೇಗ ಕೆಲಸ ಮಾಡ್ತಾ?" ಎಂದು ಪಿಸುಗುಟ್ಟಿದಳು.

ಅವನು ಅವಳ ಕೂದಲಲ್ಲಿ ಮುಖ ಹುದುಗಿಸಿದ.

"ಇನ್ನೂ ಶುರುವೇ ಮಾಡಿಲ್ಲ ಕಣೇ."