ಸೊಸೆಗೆ ಸೋಕಿದ ಗಾಳಿ

"ಲೈಟು ನಾನು ಆಫ್ ಮಾಡ್ಲಿಲ್ಲ ಅತ್ತೆ! ಬಾಗಿಲೂ ನಾನು ಹಾಕ್ಕೊಳ್ಲಿಲ್ಲ... ಅವರೇ ಆ ಸ್ಪೀಕರಿಂದ ಬೈತಾರೆ, ನನ್ನಾಣೆ!"

ಅರ್ಪಿತ ಪುಟ್ಟ ಮಗಳು ಸಮನ್ವಿತಾಳನ್ನು ಅವುಚಿಕೊಂಡು ಬಿಕ್ಕುತ್ತಿದ್ದರೆ ಅತ್ತೆ ಮುನಿಲಕ್ಷ್ಮಮ್ಮನಿಗೆ ತಲೆಬುಡ ತಿಳಿಯಲಿಲ್ಲ. ಮಗ ರೇವಂತ್ ಆಗ ಜೆ.ಪಿ. ನಗರದ ಅಂಗಡಿಯಲ್ಲಿದ್ದ. ಅಲ್ಲಿರುವವನು ಬಿಳೇಕಹಳ್ಳಿಯ ಮನೆಯೊಳಗೆ ಹೇಗೆ ಬೈದಾನು? ಹೊಸ ಮನೆಗೆ ಅವನು ಏನೇನೋ ಹಾಕಿಸಿದ್ದ, ನಿಜ. ಲೈಟು, ಫ್ಯಾನು, ಬಾಗಿಲ ಬೀಗ, ಕ್ಯಾಮೆರಾ, ಹಾಡು ಹೇಳುವ ಸ್ಪೀಕರ್... ಎಲ್ಲವೂ ಫೋನಿನ ಮಾತು ಕೇಳುತ್ತವೆಂದು ನೆಂಟರಿಗೆಲ್ಲ ತೋರಿಸಿ ಹಿಗ್ಗಿದ್ದವಳು ಮುನಿಲಕ್ಷ್ಮಮ್ಮನೇ. ಆದರೆ ಫೋನು ಮನೆಯಲ್ಲಿದ್ದರೆ ಮಾತ್ರ ಕೇಳುತ್ತವೆಂದು ತಿಳಿದಿದ್ದಳು, ಪಾಪ!

"ಅವಳಿಗೆ ತಲೆ ಕೆಟ್ಟಿದೆ ಕಣಮ್ಮಾ. ಭಾನುವಾರ ಅವರಪ್ಪ ಬಂದು ಕರ್ಕೊಂಡು ಹೋಗ್ಲಿ. ಮಗು ಇಲ್ಲೇ ಇರುತ್ತೆ. ನೀನೂ ಹಾಗೇ ಹೇಳ್ಬೇಕು" ಎಂದಿದ್ದ ರೇವಂತ್.

ಮಗುವನ್ನು ಬಿಟ್ಟು ಈ ಹುಡುಗಿ ಬದುಕಿಯಾಳೇ?... ಹುಚ್ಚಲ್ಲ, ಗಾಳಿ ಸೋಕಿದೆ ಎಂದು ಮುನಿಲಕ್ಷ್ಮಮ್ಮ ತೀರ್ಮಾನಿಸಿದಳು. ಗಾಳಿ ಬಿಡಿಸಿದರೆ ಸಂಸಾರ ಉಳಿದೀತು! ಅವರ ಮನೆತನದಲ್ಲಿ ಹಳೆಯ ಪದ್ಧತಿಯೊಂದಿತ್ತು. ಸೋಕಿದವಳ ಸೀರೆಯನ್ನು ಮನೆಯ ಹಿರಿಯಳು ಉಟ್ಟು, ಅವಳ ಜಾಗದಲ್ಲಿ ಮುಸುಕು ಹಾಕಿ ಕೂರಬೇಕು. ಗಾಳಿ ಮೋಸಹೋಗಿ ಬರುತ್ತದೆ. ಆಗ ಅದಕ್ಕೆ ಬೇಕಾದ್ದನ್ನು ಕೇಳಿ, ಕೊಟ್ಟು ಕಳಿಸಬೇಕು.

ಶುಕ್ರವಾರ ಮಧ್ಯಾಹ್ನ ತಾಯಿ-ಮಗು ಇಬ್ಬರನ್ನೂ ಅಡುಗೆಮನೆಯಲ್ಲಿ ಕೂರಿಸಿ, ಮುನಿಲಕ್ಷ್ಮಮ್ಮ ಅರ್ಪಿತಳ ಹಸಿರು ಸೀರೆಯುಟ್ಟು ಅವಳ ಕೋಣೆಯಲ್ಲಿ ಕೂತಳು. ಸ್ವಲ್ಪ ಹೊತ್ತಿಗೆ ಫ್ಯಾನು ನಿಂತಿತು. ಲೈಟು ಹತ್ತಿ ಆರಿತು. ಬಾಗಿಲ ಬೀಗ ತಾನಾಗಿ ಬಿತ್ತು! ಮುದುಕಿ ಮುಸುಕನ್ನು ಇನ್ನಷ್ಟು ಎಳೆದುಕೊಂಡಳು.

"ಮುಸುಕು ಹಾಕ್ಕೊಂಡ್ರೆ ಬಿಟ್ಬಿಡ್ತೀನಾ? ನನ್ನ ಕೇಳ್ದೆ ಕೆಲಸಕ್ಕೆ ಅರ್ಜಿ ಹಾಕ್ತೀಯಾ? ತಪ್ಪಾಯ್ತು ಅನ್ನು, ಬಾಗಿಲು ತೆಗೀತೀನಿ. ಅಮ್ಮಂಗೆ ಹೇಳ್ತೀಯಾ? ಹೇಳು. ಅಮ್ಮ ನಿನ್ನ ನಂಬಲ್ಲ ಕಣೇ" ಎಂದಿತು ಸ್ಪೀಕರ್.

ಮಗನ ಧ್ವನಿ! ಈ ಗಾಳಿಗೆ ಎಷ್ಟು ಧೈರ್ಯ... ಮುನಿಲಕ್ಷ್ಮಮ್ಮ ಕೈಮುಗಿದಳು. "ಯಾರಪ್ಪಾ ನೀನು? ನನ್ ಮಗನ ಗಂಟಲಲ್ಲಿ ಯಾಕೆ ಮಾತಾಡ್ತೀಯಾ? ನಿಂಗೇನು ಬೇಕೋ ಕೇಳು, ಕೊಟ್ಟು ಕಳಿಸ್ತೀನಿ. ನನ್ ಸೊಸೇನ ಬಿಟ್ಬಿಡಪ್ಪಾ!"

ಸ್ಪೀಕರ್ ಸಣ್ಣಗೆ ಕೇಳಿತು: "ಅಮ್ಮಾ?... ನೀನ್ಯಾಕೆ ಅಲ್ಲಿ ಕೂತಿದ್ದೀಯಾ?"

ಚಿಕ್ಕಂದಿನಲ್ಲಿ ತಪ್ಪು ಮಾಡಿ ಸಿಕ್ಕಿಬಿದ್ದಾಗ ರೇವಂತ್ ಹೀಗೇ ಕರೆಯುತ್ತಿದ್ದ. ಯಾವ ಗಾಳಿಗೂ ಆ ಕರೆ ಬಾರದು. ಅಂಗಡಿಯಲ್ಲಿ ಕೂತೇ ಫೋನಿನಿಂದ ಇದನ್ನೆಲ್ಲ ಆಡಿಸುತ್ತಿದ್ದವನು ಮಗನೇ!

"ಬಾಗಿಲು ತೆಗಿಯೋ" ಎಂದಳು. ಬೀಗ ಬಿಚ್ಚಿಕೊಂಡಿತು. ಸ್ಪೀಕರಿನ ವೈರನ್ನು ಕಿತ್ತೆಸೆದು ಹೊರಬಂದಳು.

"ಗಾಳಿ ಬಂತಾ ಅತ್ತೆ? ನಂಗೊಂದೂ ಗೊತ್ತಾಗ್ತಿಲ್ಲ... ನಿಜವಾಗ್ಲೂ ನಂಗೆ ಹುಚ್ಚಾ?" ಎಂದು ಅರ್ಪಿತ ಅವಳ ಕೈ ಹಿಡಿದಳು.

"ಇಲ್ಲ ಕಂದಾ, ನಿಂಗೇನೂ ಆಗಿಲ್ಲ. ನಿಮ್ಮಪ್ಪ ಬರ್ಲಿ. ಈ ಮನೆ ಬಿಟ್ಟು ಯಾರು ಹೋಗ್ಬೇಕು ಅಂತ ನಾನೇ ಹೇಳ್ತೀನಿ."

ಹೋಗಬೇಕಾದವನು ಅವಳ ಒಬ್ಬನೇ ಮಗ! ಒಳಗೆ ಅವಳ ಮೊಬೈಲ್ ಬಿಡದೆ ಬಡಿದುಕೊಳ್ಳುತ್ತಿತ್ತು. ಎತ್ತಲಿಲ್ಲ. ಇವನಿಗೆ ಇದನ್ನು ಯಾರು ಕಲಿಸಿದರು, ತಾನು ಎಲ್ಲಿ ಎಡವಿದೆ... ಒಂದೂ ತಿಳಿಯದೆ, ಸೊಸೆಯ ಸೀರೆಯ ಸೆರಗನ್ನೇ ಬಾಯಿಗೆ ಒತ್ತಿಕೊಂಡು ಮುನಿಲಕ್ಷ್ಮಮ್ಮ ಅತ್ತಳು.