ಕೆಂಪಾಗಲಿಲ್ಲ ಎಂದ ಟೈಲರ್

"ಹೋದ ಸಲ ಬೆಳಕು ಬಿಟ್ಟ ಮೇಲೆ ಮೈ ಕೆಂಪಾಗಿತ್ತಾ?"

"ಇಲ್ಲವಲ್ಲ. ನಿಮ್ಮನ್ನ ನೋಡಿ ಕೆನ್ನೆ ಸ್ವಲ್ಪ ಆಗಿರಬಹುದು," ಎಂದ ಟೈಲರ್.

ನರ್ಸ್ ನಗು ನುಂಗಿಕೊಂಡಳು. ಸೋರಿಯಾಸಿಸ್‌ಗೆ ಬೆಳಕಿನ ಚಿಕಿತ್ಸೆ ಕೊಡುವ ಆ ಕೋಣೆಯ ನಿಯಮ ಸರಳ. ಇಲ್ಲ ಎಂದರೆ ಹತ್ತು ಸೆಕೆಂಡ್ ಜಾಸ್ತಿ; ಹೌದು ಎಂದರೆ ದೀಪ ಬಂದ್, ಒಂದು ವಾರ ಬರುವಂತಿಲ್ಲ. ಹತ್ತು ವಾರವಾದರೂ ಅವನ ಬಾಯಲ್ಲಿ ಹೌದು ಬಂದಿರಲಿಲ್ಲ.

"ನಿಮ್ಮ ಕೋಟಿನ ಎಡತೋಳು ಅರ್ಧ ಇಂಚು ಉದ್ದ. ಕಣ್ಣಿಗೆ ಚುಚ್ಚುತ್ತೆ."

"ಅದನ್ನ ನೋಡೋಕಾ ಬರೋದು?"

"ಮತ್ತೆ, ನಿಮ್ಮ ಟ್ಯೂಬ್‌ಲೈಟ್ ನೋಡೋಕಾ?"

ಅವಳ ಕಿವಿ ಬಿಸಿಯಾಯಿತು. ಅವನು ಮೇಲಿನ ಗುಂಡಿ ಬಿಚ್ಚುತ್ತಾ ದೀಪದ ಪೆಟ್ಟಿಗೆಯೊಳಗೆ ಹೋದ. ಕಾಲರಿನ ಕೆಳಗೆ ಕೆಂಪು ಗೆರೆಯೊಂದು ಕಂಡಿತು. ಸೋಮವಾರವೂ ಇತ್ತು. ಸೆಕೆಗಿರಬೇಕು ಎಂದು ಅವತ್ತು ತನಗೆ ತಾನೇ ಸಮಾಧಾನ ಹೇಳಿಕೊಂಡಿದ್ದಳು. ಇವತ್ತು ಆ ಸಮಾಧಾನ ಸಾಲಲಿಲ್ಲ.

ಬೆರಳು ಸ್ವಿಚ್ಚಿನ ಮೇಲಿದ್ದಾಗಲೇ ಫೋನು ಹೊಡೆದುಕೊಂಡಿತು. ಲ್ಯಾಬಿನವಳು.

"ಆ ಟೈಲರದ್ದು ಸೋಮವಾರ ತೆಗೆದ ಚರ್ಮದ ಚೂರು ನೋಡಿದೆ ಕಣೇ. ಉರಿಯೂತ ಎಬ್ಬಿಸೋ ಸಂಕೇತದ ಅಣುಗಳು ಆರನೇ ವಾರ ಚೆನ್ನಾಗಿ ಇಳಿದಿದ್ವು. ಈಗ ಎಲ್ಲಾ ಏರಿವೆ. ಚರ್ಮ ಸುಟ್ಟಿದೆ. ಎಷ್ಟು ಡೋಸ್ ಕೊಡ್ತಿದೀಯಾ?"

ಅವಳು ಫೋನು ಕೆಳಗಿಟ್ಟು ಪೆಟ್ಟಿಗೆಯ ಬಾಗಿಲು ತೆರೆದಳು. ಅವನ ಬೆನ್ನ ತುಂಬ ಬೊಬ್ಬೆ.

"ಬೆನ್ನು ಹಾಸಿಗೆಗೆ ತಾಗಿಸಿ ಎಷ್ಟು ದಿನ ಆಯ್ತು?"

"ನಾಲ್ಕು."

"ಯಾಕೆ ಸುಳ್ಳು ಹೇಳಿದ್ರಿ?"

"ಹೌದು ಅಂದಿದ್ರೆ ಒಂದು ವಾರ ನೀವು ಸಿಗ್ತಿರಲಿಲ್ಲ."

"ಸುಟ್ಟ ಜಾಗದಲ್ಲೇ ರೋಗ ಮತ್ತೆ ಏಳಬಹುದು. ಕೈಗೂ ಬಂದ್ರೆ ಯಾರು ನಿಮಗೆ ಅಳತೆ ಕೊಡ್ತಾರೆ?"

ಅವನ ಮುಖ ಬಿಳಿಚಿಕೊಂಡಿತು. ಎರಡೂ ಅಂಗೈ ತಿರುಗಿಸಿ ನೋಡಿಕೊಂಡ.

ಅವಳು ಫೈಲು ತೆರೆದು ಬರೆಯತೊಡಗಿದಳು.

"ನನ್ನ ಸುಳ್ಳು ಬರೀತಿದೀರಾ?"

"ನನ್ನದು. ಸೋಮವಾರವೇ ಕೆಂಪು ನೋಡಿದ್ದೆ. ಬಾಯಿಬಿಟ್ರೆ ನೀವು ಬರಲ್ಲ ಅಂತ ಸುಮ್ಮನಾದೆ. ಅಷ್ಟು ಆಸೆ ನನಗೆ, ನಿಮ್ಮನ್ನ ನೋಡೋಕೆ."

"ಹರಿದು ಹಾಕಿ ಅದನ್ನ. ಕೆಲಸ ಹೋಗುತ್ತೆ."

"ಹೋಗ್ಲಿ. ನಿಮ್ಮ ಮೈ ಮೇಲೆ ಇನ್ನು ಈ ಸ್ವಿಚ್ ಒತ್ತೋಳು ನಾನಲ್ಲ."

ಅವಳು ಸಹಿ ಹಾಕಿ ಡಾಕ್ಟರಿಗೆ ಫೋನು ಮಾಡಿದಳು. ಸ್ವಲ್ಪ ಹೊತ್ತಿಗೆ ಹೊರಗೆ ಬೂಟಿನ ಸದ್ದು ಹತ್ತಿರವಾಯಿತು. ಅವನು ಮೆಲ್ಲಗೆ ಅವಳ ಕೈ ಹಿಡಿದುಕೊಂಡ. ಬಾಗಿಲು ತೆರೆದುಕೊಂಡಿತು. ಅವಳು ಕೈ ಬಿಡಿಸಿಕೊಳ್ಳಲಿಲ್ಲ.